ಹಗ್ಗದ ರೂಪಕವೂ ಅಹವಾಲಿನ ವಹಿಯೂ

ತೆರಿಗೆಯು ಕೇವಲ ಅಂಕಿಗಳ ವಿಷಯವೆಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಆಯವ್ಯಯ ಪತ್ರವನ್ನು ಅರ್ಥಶಾಸ್ತ್ರಜ್ಞನು ಓದತಕ್ಕದ್ದು, ಕಾವ್ಯವನ್ನು ವಿಮರ್ಶಕನು ಓದತಕ್ಕದ್ದು ಎಂಬ ವಿಭಾಗವು ಮೇಲುನೋಟಕ್ಕೆ ಯುಕ್ತವಾಗಿಯೇ ಕಾಣುತ್ತದೆ. ಆದರೆ ಯಾವ ಪ್ರಭುತ್ವವೂ ಬರಿಯ ಅಂಕಿಯನ್ನು ಮುಂದಿಟ್ಟು ತೆರಿಗೆಯನ್ನು ಎತ್ತುವುದಿಲ್ಲ; ಬರಿಯ ಅಂಕಿಯನ್ನು ಮುಂದಿಟ್ಟು ತೆರಿಗೆಯನ್ನು ಇಳಿಸುವುದೂ ಇಲ್ಲ. ಎತ್ತುವುದಕ್ಕೂ ಇಳಿಸುವುದಕ್ಕೂ ಒಂದು ಮಾತು ಬೇಕು. ಮಾತಿಗೆ ಒಂದು ಉಪಮಾನ ಬೇಕು. ಆ ಉಪಮಾನವು ಜನರ ಅನುಭವಕ್ಕೆ ಹೊಂದದೆ ಹೋದರೆ ಲೆಕ್ಕಕ್ಕಿಂತ ಮೊದಲು ಮಾತು ಸೋಲುತ್ತದೆ. ಫ್ರಾನ್ಸ್ ದೇಶದಲ್ಲಿ 2017ರಿಂದ 2019ರವರೆಗೆ ನಡೆದ ಸಂಗತಿಗಳು ಇದಕ್ಕೆ ನಿದರ್ಶನವಾಗಿವೆ. ಅಲ್ಲಿ ಒಂದು ಕಡೆ ದೇಶದ ಅಧ್ಯಕ್ಷರು ಆಡಿದ ಒಂದು ರೂಪಕ, ಬರೆದ ಒಂದು ಪತ್ರ. ಇನ್ನೊಂದು ಕಡೆ ಜನಸಾಮಾನ್ಯರು ಬರೆದಿಟ್ಟ ಸಾವಿರಾರು ವಹಿಗಳು. ಇವನ್ನು ಎದುರುಬದುರು ಇಟ್ಟು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ಸಂಗ್ರಹಿಸಬೇಕು. ಫ್ರಾನ್ಸಿನಲ್ಲಿ ದೊಡ್ಡ ಸಂಪತ್ತಿನ ಮೇಲೆ ಪ್ರತ್ಯೇಕ ತೆರಿಗೆಯೊಂದು 1982ರಲ್ಲಿ ಜಾರಿಗೆ ಬಂದಿತು. 1987ರಲ್ಲಿ ಅದು ರದ್ದಾಯಿತು. 1989ರಲ್ಲಿ ‘ಸಂಪತ್ತಿನ ಮೇಲಣ ಐಕಮತ್ಯ ತೆರಿಗೆ’ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದಿತು. ‘ಐಕಮತ್ಯ’ವೆಂಬ ಈ ವಿಶೇಷಣವನ್ನು ವಾಚಕರು ಗಮನದಲ್ಲಿಡಬೇಕು. 2017ರಲ್ಲಿ ನಿವ್ವಳ 13 ಲಕ್ಷ ಯೂರೋಗಳಿಗೆ ಮೇಲ್ಪಟ್ಟು ಆಸ್ತಿಯುಳ್ಳ ಸುಮಾರು 3 ಲಕ್ಷ 58 ಸಾವಿರ ಕುಟುಂಬಗಳು ಈ ತೆರಿಗೆಯನ್ನು ಸಲ್ಲಿಸಿದವು. ಬೊಕ್ಕಸಕ್ಕೆ 400 ಕೋಟಿ ಯೂರೋಗಳಿಗೂ ಹೆಚ್ಚು ಹಣ ಸಂದಿತು. ಆ ವರ್ಷ ಅಧ್ಯಕ್ಷರಾದ ಎಮ್ಯಾನುಯೆಲ್ ಮ್ಯಾಕ್ರಾನ್ ಅವರ ಸರಕಾರವು 2018ರ ಜನವರಿ 1ರಿಂದ ಇದನ್ನು ತೆಗೆದುಹಾಕಿ, ಸ್ಥಿರಾಸ್ತಿಗೆ ಮಾತ್ರ ಅನ್ವಯಿಸುವ ಬೇರೊಂದು ತೆರಿಗೆಯನ್ನು ಅದರ ಸ್ಥಾನದಲ್ಲಿಟ್ಟಿತು. ಷೇರು, ಸಾಲಪತ್ರ, ಠೇವಣಿಗಳು ಹೊರಗುಳಿದವು. ಹೊಸ ತೆರಿಗೆಯನ್ನು ಕೊಟ್ಟ ಕುಟುಂಬಗಳು 2018ರಲ್ಲಿ ಸುಮಾರು 1 ಲಕ್ಷ 33 ಸಾವಿರ. ಬಂದ ಹಣ ಸುಮಾರು 130 ಕೋಟಿ ಯೂರೋ. ಇದರೊಡನೆಯೇ ಬಡ್ಡಿ, ಲಾಭಾಂಶ ಮೊದಲಾದ ಬಂಡವಾಳದ ಆದಾಯಕ್ಕೆ ಶೇಕಡ 30ರ ಏಕರೂಪ ದರವೂ ಜಾರಿಗೆ ಬಂದಿತು.

ಈ ಕ್ರಮಕ್ಕೆ ಸಮರ್ಥನೆಯೇ ಇರಲಿಲ್ಲವೆಂದು ಹೇಳುವುದು ವಿಮರ್ಶೆಯ ಧರ್ಮವಲ್ಲ. ಹಳೆಯ ತೆರಿಗೆಯಲ್ಲಿ ದೋಷಗಳಿದ್ದವು. ಸ್ವಂತ ಉದ್ಯಮದಲ್ಲಿ ತೊಡಗಿಸಿದ ಆಸ್ತಿಗೂ ಕಲಾಕೃತಿಗಳಿಗೂ ವಿನಾಯಿತಿಯಿದ್ದುದರಿಂದ ಅತ್ಯಂತ ಧನಿಕರ ಸಂಪತ್ತಿನ ಬಹುಭಾಗವು ಅದರ ಬಲೆಯಿಂದ ತಪ್ಪಿಸಿಕೊಳ್ಳುತ್ತಿತ್ತು. ಭೂಮಿಯ ಬೆಲೆ ಏರಿದ ಮಾತ್ರಕ್ಕೆ ‘ಧನಿಕ’ರೆನಿಸಿಕೊಂಡ ಸಣ್ಣ ಹಿಡುವಳಿದಾರರು ಸಿಕ್ಕಿಬೀಳುತ್ತಿದ್ದರು. ಬಂಡವಾಳವು ದೇಶಾಂತರ ಹೋಗುತ್ತದೆಂಬ ಭಯವೂ ಇತ್ತು. ಅಧ್ಯಕ್ಷರು ಚುನಾವಣೆಗೆ ಮುಂಚೆಯೇ ಈ ಬದಲಾವಣೆಯನ್ನು ಘೋಷಿಸಿದ್ದರು. ಆದುದರಿಂದ ಇದನ್ನು ವಂಚನೆಯೆನ್ನಲಾಗದು. ಆದರೆ ಬಲೆಯಲ್ಲಿ ತೂತುಗಳಿವೆಯೆಂದು ಕಂಡವನ ಮುಂದೆ ಎರಡು ದಾರಿಗಳಿರುತ್ತವೆ: ತೂತನ್ನು ಹೊಲಿಯುವುದು ಒಂದು, ಬಲೆಯನ್ನೇ ಎತ್ತಿಬಿಡುವುದು ಇನ್ನೊಂದು. ಸರಕಾರವು ಎರಡನೆಯದನ್ನು ಆರಿಸಿಕೊಂಡಿತು. ಆ ಆಯ್ಕೆಗೆ ಮಾತಿನ ಬಲ ಬೇಕಾಯಿತು.

ಆ ಬಲವನ್ನು ಅಧ್ಯಕ್ಷರು ಪರ್ವತಾರೋಹಣದಿಂದ ತಂದುಕೊಂಡರು. 2017ರ ಅಕ್ಟೋಬರ್ 15ರಂದು ದೂರದರ್ಶನದ ಸಂದರ್ಶನವೊಂದರಲ್ಲಿ ಅವರು, ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಬೆಟ್ಟವೇರುವವರ ಸಾಲನ್ನು ಸಮಾಜಕ್ಕೆ ಹೋಲಿಸಿದರು. ಸಾಲಿನ ಮುಂದಿರುವವನಿಗೆ ಕಲ್ಲೆಸೆದರೆ ಇಡೀ ಸಾಲು ಉರುಳುತ್ತದೆಂಬುದು ಅವರ ಮಾತಿನ ತಾತ್ಪರ್ಯ. ರೂಪಕವಾಗಿ ಇದು ದುರ್ಬಲವಾದುದಲ್ಲ. ಮೇಲಿನವರ ಪಾತ್ರೆ ತುಂಬಿದರೆ ಕೆಳಗಿನವರಿಗೂ ತೊಟ್ಟಿಕ್ಕುತ್ತದೆಂಬ ಹಳೆಯ ಹೋಲಿಕೆಗಿಂತ ಇದು ಎಷ್ಟೋ ಮೇಲು. ಅಲ್ಲಿ ಕೆಳಗಿನವನು ಬಾಯಿ ತೆರೆದು ಕಾಯುವವನು; ಇಲ್ಲಿ ಅವನೂ ಏರುವವನು.

ಆದರೆ ಉಪಮಾನವನ್ನು ಎತ್ತಿಕೊಂಡವನು ಅದರ ಧರ್ಮವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಬೆಟ್ಟವೇರುವವರ ರೀತಿಯನ್ನು ಬಲ್ಲವರಿಗೆ ತಿಳಿದಿರುವಂತೆ, ಮುಂದೆ ಏರುವವನ ಪ್ರಾಣವು ಹಿಂದಿನವನ ಕೈಯಲ್ಲಿರುತ್ತದೆ. ಮೊದಲಿಗನು ಕಾಲು ಜಾರಿದರೆ ಹಗ್ಗವನ್ನು ಬಿಗಿಹಿಡಿದು ಅವನನ್ನು ಉಳಿಸುವವನು ಎರಡನೆಯವನು. ಮೊದಲಿಗನಾದರೂ ನೆಲೆ ಸಿಕ್ಕ ಕೂಡಲೆ ನಿಂತು ಹಗ್ಗವನ್ನು ಭದ್ರಪಡಿಸಿ ಹಿಂದಿನವನನ್ನು ಮೇಲಕ್ಕೆ ಬರಮಾಡಿಕೊಳ್ಳಬೇಕು. ತಾನು ಮಾತ್ರ ಶಿಖರವನ್ನು ಮುಟ್ಟುವೆನೆಂದು ಹಗ್ಗವನ್ನು ಕಳಚುವಂತಿಲ್ಲ. ಹೀಗೆ ನೋಡಿದರೆ ಈ ರೂಪಕವು ತೆರಿಗೆಯ ಪರವಾಗಿಯೇ ಮಾತನಾಡುತ್ತದೆ. ಹಗ್ಗವೆಂದರೆ ಪರಸ್ಪರ ಋಣ. ರದ್ದಾದ ತೆರಿಗೆಯ ಹೆಸರಿನಲ್ಲಿದ್ದ ‘ಐಕಮತ್ಯ’ವೂ ಅದೇ. ಹಗ್ಗವನ್ನು ಸಡಿಲಿಸುವ ಶಾಸನವೊಂದನ್ನು ಹಗ್ಗದ ಹೆಸರಿನಲ್ಲಿಯೇ ಸಮರ್ಥಿಸಿದುದು ಈ ಮಾತಿನ ಒಳಗಣ ವಿರೋಧ. ಕೇಳಿದವರಲ್ಲಿ ಹಲವರಿಗೆ ‘ಮುಂದಿರುವವನು’ ಎಂಬ ಪದವೊಂದೇ ಕಿವಿಯಲ್ಲಿ ಉಳಿದುದು, ಅದೇ ಪದವು ಮುಂದೆ ಹಾಸ್ಯದ ವಸ್ತುವಾದುದು ಆಕಸ್ಮಿಕವಲ್ಲ.

ಹಿಂದಿನವರ ಹಗ್ಗದ ಸ್ಥಿತಿಯನ್ನು ಕಂಡರೆ ಈ ವಿರೋಧವು ಇನ್ನೂ ಸ್ಪಷ್ಟವಾಗುತ್ತದೆ. ಬಾಡಿಗೆ ಮನೆಗಳಲ್ಲಿರುವ ಬಡವರಿಗೆ ಸರಕಾರ ಕೊಡುತ್ತಿದ್ದ ವಸತಿ ಸಹಾಯಧನವನ್ನು 2017ರ ಅಕ್ಟೋಬರಿನಿಂದ ತಿಂಗಳಿಗೆ 5 ಯೂರೋಗಳಷ್ಟು ಕಡಿತಗೊಳಿಸಲಾಯಿತು. ಸಂಪತ್ತಿನ ತೆರಿಗೆ ರದ್ದಾದ ದಿನದಂದೇ, ಎಂದರೆ 2018ರ ಜನವರಿ 1ರಿಂದಲೇ, ಸಾಮಾಜಿಕ ವಂತಿಗೆಯೊಂದರ ದರವು 1.7 ಅಂಶದಷ್ಟು ಏರಿತು. ಈ ಭಾರವು ಅನೇಕ ನಿವೃತ್ತರ ಮೇಲೆಯೂ ಬಿದ್ದಿತು. ಇಂಗಾಲದ ತೆರಿಗೆಯ ನೆಪದಲ್ಲಿ ಡೀಸೆಲ್ಲಿನ ಮೇಲಣ ಸುಂಕವು ಆ ವರ್ಷ ಲೀಟರಿಗೆ 7.6 ಸೆಂಟಿನಷ್ಟು ಹೆಚ್ಚಿತು. 2019ರ ಜನವರಿಯಲ್ಲಿ ಮತ್ತೆ 6.5 ಸೆಂಟು ಏರಿಸುವ ನಿಶ್ಚಯವಾಗಿತ್ತು. ವಾಯುಮಂಡಲದ ರಕ್ಷಣೆ ಸಾಧುವಾದ ಉದ್ದೇಶವೇ ಸರಿ. ಆದರೆ ರೈಲು ನಿಂತುಹೋದ, ಅಂಚೆ ಕಚೇರಿ ಮುಚ್ಚಿದ ಊರಿನಿಂದ ದಿನನಿತ್ಯ ಮೂವತ್ತು ನಲವತ್ತು ಕಿಲೋಮೀಟರು ಸ್ವಂತ ವಾಹನದಲ್ಲಿ ದುಡಿಮೆಗೆ ಹೋಗುವವನು ಡೀಸೆಲ್ಲಿಗೆ ಸುಂಕ ತೆರುತ್ತಿರುವಾಗ, ವಿಮಾನಗಳ ಇಂಧನಕ್ಕೆ ಅಂಥ ಸುಂಕವೇ ಇರಲಿಲ್ಲ. ಐದು ಯೂರೋ ಸಣ್ಣ ಮೊತ್ತವೆಂದು ಲೆಕ್ಕಿಗನು ಹೇಳಬಹುದು. ಆದರೆ ಅದೇ ಕಾಲದಲ್ಲಿ ಯಾರಿಂದ ಎಷ್ಟನ್ನು ಬಿಟ್ಟುಕೊಡಲಾಯಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ ಸಣ್ಣ ಮೊತ್ತವು ದೊಡ್ಡ ಮಾತಾಗುತ್ತದೆ.

2018ರ ನವೆಂಬರ್ 17ರಂದು ಆ ಮಾತು ಬೀದಿಗೆ ಬಂದಿತು. ಅಂದು ಸುಮಾರು 2 ಲಕ್ಷ 80 ಸಾವಿರ ಜನರು ದೇಶದ ಉದ್ದಗಲಕ್ಕೂ ರಸ್ತೆಯ ವೃತ್ತಗಳಲ್ಲಿ ಸೇರಿದರೆಂಬುದು ಸರಕಾರದ ಎಣಿಕೆ. ಅವರ ಲಾಂಛನ ಹಳದಿಯ ತೋಳಿಲ್ಲದ ಅಂಗಿ. ವಾಹನ ಕೆಟ್ಟು ದಾರಿಯಲ್ಲಿ ನಿಂತಾಗ ಇತರರ ಕಣ್ಣಿಗೆ ಬೀಳಲೆಂದು ಪ್ರತಿ ವಾಹನದಲ್ಲಿಯೂ ಅಂಥ ಅಂಗಿ ಇರಬೇಕೆಂದು 2008ರಲ್ಲಿ ಸರಕಾರವೇ ವಿಧಿಸಿತ್ತು. ದಾರಿಯ ಮಧ್ಯೆ ಸಿಕ್ಕಿಕೊಂಡವನು, ಯಾರ ಕಣ್ಣಿಗೂ ಬೀಳದವನು, ತನ್ನನ್ನು ಕಾಣಿರೆಂದು ತೊಡುವ ಉಡುಪು ಅದು. ಹಗ್ಗದ ರೂಪಕಕ್ಕೆ ಜನರು ಮಾತಿಲ್ಲದೆ ಕೊಟ್ಟ ಪ್ರತಿರೂಪಕವೆಂದು ಇದನ್ನು ಓದಿದರೆ ತಪ್ಪಾಗಲಾರದು. ಚಳವಳಿಯಲ್ಲಿ ಹಿಂಸೆಯೂ ನುಸುಳಿತು. ಡಿಸೆಂಬರ್ 1ರಂದು ಪ್ಯಾರಿಸಿನ ವಿಜಯತೋರಣಕ್ಕೇ ಹಾನಿಯಾಯಿತು. ತೆರಿಗೆ ಇಳಿಯಲಿ, ಆಸ್ಪತ್ರೆ ಶಾಲೆಗಳು ಹೆಚ್ಚಲಿ ಎಂಬ ಎರಡು ಕೋರಿಕೆಗಳು ಒಂದೇ ಬಾಯಿಂದ ಹೊರಟಾಗ ಅವುಗಳೊಳಗಿನ ಬಿಕ್ಕಟ್ಟನ್ನು ಬಿಡಿಸುವವರೂ ಅಲ್ಲಿ ವಿರಳ. ಇವೆಲ್ಲವನ್ನೂ ಒಪ್ಪಿಕೊಂಡ ಮೇಲೂ ಮೂಲದ ಪ್ರಶ್ನೆ ಉಳಿಯುತ್ತದೆ: ಭಾರವನ್ನು ಹೊರಬಲ್ಲವನ ಹೆಗಲಿನಿಂದ ಇಳಿಸಿ ಹೊರಲಾರದವನ ಹೆಗಲಿಗೆ ಏರಿಸಿದುದು ನ್ಯಾಯವೆ?

ಡಿಸೆಂಬರಿನಲ್ಲಿ ಸರಕಾರವು ಇಂಧನ ಸುಂಕದ ಏರಿಕೆಯನ್ನು ಕೈಬಿಟ್ಟಿತು. ಡಿಸೆಂಬರ್ 10ರಂದು ಅಧ್ಯಕ್ಷರು ಕನಿಷ್ಠ ವೇತನದವರಿಗೂ ನಿವೃತ್ತರಿಗೂ ಕೆಲವು ಸೌಲಭ್ಯಗಳನ್ನು ಘೋಷಿಸಿದರು. ಸಂಪತ್ತಿನ ತೆರಿಗೆಯನ್ನು ಮಾತ್ರ ಮರಳಿ ತರಲೊಪ್ಪಲಿಲ್ಲ. ಅನಂತರ 2019ರ ಜನವರಿ 13ರಂದು ಅವರು ದೇಶವಾಸಿಗಳಿಗೆ ಒಂದು ಬಹಿರಂಗ ಪತ್ರವನ್ನು ಬರೆದು, ರಾಷ್ಟ್ರೀಯ ಮಹಾಚರ್ಚೆಗೆ ಎಲ್ಲರನ್ನೂ ಕರೆದರು. ಆ ಪತ್ರದ ರಚನೆ ವಿಮರ್ಶಕನ ಗಮನಕ್ಕೆ ಅರ್ಹವಾದುದು. ಕೇಳಬಾರದ ಪ್ರಶ್ನೆಯೆಂಬುದೇ ಇಲ್ಲವೆಂದು ಅದು ಸಾರುತ್ತದೆ. ತೆರಿಗೆಯನ್ನು ಹೆಚ್ಚು ನ್ಯಾಯಯುತವಾಗಿಸುವುದು ಹೇಗೆಂದು ಕೇಳುತ್ತದೆ. ಯಾವ ತೆರಿಗೆಯನ್ನು ಮೊದಲು ಇಳಿಸಬೇಕೆಂದೂ ಕೇಳುತ್ತದೆ. ಯಾವುದನ್ನು ಮರಳಿ ತರಬೇಕೆಂದು ಕೇಳುವುದಿಲ್ಲ. ಹೂಡಿಕೆಯನ್ನು ಪ್ರೋತ್ಸಾಹಿಸಲು ತೆಗೆದುಕೊಂಡ ಕ್ರಮಗಳಿಂದ ಹಿಂದೆ ಸರಿಯುವುದಿಲ್ಲವೆಂದು ಮುಂಚಿತವಾಗಿಯೇ ತಿಳಿಸುತ್ತದೆ. ಬಾಗಿಲನ್ನು ತೆರೆದವರು ಹೊಸಿಲಿನ ಮೇಲೆಯೇ ನಿಂತಂತಾಯಿತು. ಪ್ರಶ್ನೆಯ ಸ್ವರೂಪದಲ್ಲಿಯೇ ಉತ್ತರವನ್ನು ಅಡಗಿಸುವ ಈ ಚಾತುರ್ಯವು ವಾದದಲ್ಲಿ ಗೆಲ್ಲಬಹುದು, ವಿಶ್ವಾಸವನ್ನು ಗೆಲ್ಲಲಾರದು.

ಪತ್ರಕ್ಕೆ ಮುಂಚೆಯೇ, 2018ರ ಡಿಸೆಂಬರಿನಲ್ಲಿ, ಗ್ರಾಮಾಂತರದ ಮೇಯರುಗಳು ತಮ್ಮ ಪೌರ ಕಚೇರಿಗಳಲ್ಲಿ ವಹಿಗಳನ್ನು ತೆರೆದಿಟ್ಟಿದ್ದರು. ಮಹಾಚರ್ಚೆ ಮುಗಿಯುವ ಹೊತ್ತಿಗೆ 16 ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಸುಮಾರು 19 ಸಾವಿರ ವಹಿಗಳು ತುಂಬಿದವು. ಅವುಗಳಿಗೆ ಜನರಿಟ್ಟ ಹೆಸರು ‘ಅಹವಾಲಿನ ವಹಿ’. ಇದು ಇತಿಹಾಸದಿಂದ ಎರವಲು ತಂದ ಹೆಸರು. 1789ರಲ್ಲಿ ಹದಿನಾರನೆಯ ಲೂಯಿಯು ಮೂರು ವರ್ಗಗಳ ಮಹಾಸಭೆಯನ್ನು ಕರೆದಾಗ ಊರೂರಿನಿಂದ ಬಂದ ಸುಮಾರು 60 ಸಾವಿರ ವಹಿಗಳಿಗೂ ಇದೇ ಹೆಸರು. ಶ್ರೀಮಂತರೂ ಪುರೋಹಿತ ವರ್ಗದವರೂ ತೆರಿಗೆಯ ವಿನಾಯಿತಿಯನ್ನು ಅನುಭವಿಸುತ್ತಿದ್ದ ಆ ಕಾಲದಲ್ಲಿ ಉಪ್ಪಿನ ಸುಂಕವನ್ನೂ ಇತರ ಭಾರಗಳನ್ನೂ ಹೊತ್ತವರು ಸಮಾನತೆಯನ್ನು ಬೇಡಿ ಬರೆದರು. ಅವರ ಬರಹ ನಿಷ್ಫಲವಾಗಲಿಲ್ಲ. ಆಗಸ್ಟ್ 4ರ ರಾತ್ರಿ ವಿಶೇಷ ಹಕ್ಕುಗಳು ರದ್ದಾದವು. ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಯ 13ನೆಯ ವಿಧಿಯು, ಸಾಮಾನ್ಯ ಹಿತಕ್ಕಾಗಿ ಎತ್ತುವ ವಂತಿಗೆಯನ್ನು ಪ್ರಜೆಗಳೆಲ್ಲರೂ ಅವರವರ ಶಕ್ತಿಗನುಸಾರವಾಗಿ ಹಂಚಿಕೊಳ್ಳಬೇಕೆಂದು ಶಾಸನ ಮಾಡಿತು.

2019ರ ವಹಿಗಳಲ್ಲಿ ಸಂಪತ್ತಿನ ತೆರಿಗೆಯ ಪುನಃಸ್ಥಾಪನೆ, ನಿವೃತ್ತಿ ವೇತನದ ಸಂಕಟ, ಮುಚ್ಚುತ್ತಿರುವ ಸಾರ್ವಜನಿಕ ಸೇವೆಗಳು ಮರಳಿ ಮರಳಿ ಬರುವ ವಿಷಯಗಳು. ದುಡಿಯುವವರು ಕಸುಬಿನ ಮಾತಿನಲ್ಲಿಯೇ ಬರೆದುದನ್ನು ಸಾಹಿತ್ಯವೆಂದು ಓದಬಲ್ಲ ವಚನಾಭ್ಯಾಸಿಗಳಿಗೆ ಇಂಥ ಬರಹದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಹಿಗಳು ವಚನಗಳಲ್ಲ. ಅನುಭಾವವಾಗಲಿ ಕಾವ್ಯಗುಣವಾಗಲಿ ಅವುಗಳ ಗುರಿಯಲ್ಲ. ಆದರೆ ಮನೆಯ ಲೆಕ್ಕದಿಂದ ಹೊರಟು ನ್ಯಾಯದ ವಿಚಾರಕ್ಕೆ ತಲಪುವ ನಡೆಯು ಅವುಗಳದು. ರಾಜ್ಯದ ಲೆಕ್ಕದಿಂದ ಹೊರಟು ಮನೆಯ ಬಾಗಿಲಲ್ಲಿ ನಿಂತುಬಿಡುವ ಮಾತಿಗೆ ಇದು ಎದುರಾದ ದಿಕ್ಕು.

ಈ ವಹಿಗಳಿಗೆ ದೊರೆತ ಗತಿಯೇ ಅತ್ಯಂತ ಖೇದಕರವಾದುದು. ಅವು ಜಿಲ್ಲೆಗಳ ದಫ್ತರಖಾನೆಗಳನ್ನು ಸೇರಿ, ಸಂಶೋಧಕರ ಹೊರತು ಬಹುಮಂದಿಯ ಕಣ್ಣಿಗೆ ಬೀಳದೆ ಉಳಿದವು. ಅವನ್ನು ಸಾರ್ವಜನಿಕರಿಗೆ ದೊರಕಿಸಬೇಕೆಂಬ ಗೊತ್ತುವಳಿಯನ್ನು ಫ್ರಾನ್ಸಿನ ರಾಷ್ಟ್ರಸಭೆ ಸರ್ವಾನುಮತದಿಂದ ಅಂಗೀಕರಿಸಿದುದು 2025ರ ಮಾರ್ಚ್ 11ರಂದು. ಎಂದರೆ ಬರೆದ ಆರು ವರ್ಷಗಳ ಅನಂತರ. ಇತ್ತ ಹಗ್ಗದ ರೂಪಕದ ಪರೀಕ್ಷೆಯೂ ನಡೆಯಿತು. ಸರಕಾರವೇ ನೇಮಿಸಿದ ಮೌಲ್ಯಮಾಪನ ಸಮಿತಿಯು ಕುಟುಂಬಗಳಿಗೆ ಸಂದ ಲಾಭಾಂಶವು 2017ರ ಸುಮಾರು 1,400 ಕೋಟಿ ಯೂರೋಗಳಿಂದ 2018ರಲ್ಲಿ ಸುಮಾರು 2,300 ಕೋಟಿಗೆ ಏರಿದುದನ್ನು ಗುರುತಿಸಿತು. ಸಂಪತ್ತಿನ ತೆರಿಗೆಯ ರದ್ದತಿಯಿಂದ ಉದ್ಯಮಗಳ ಹೂಡಿಕೆ ಹೆಚ್ಚಿತೆಂದು ಮಾತ್ರ ಅದು ನಿರ್ಣಯಿಸಲಾರದೆ ಹೋಯಿತು. ಮುಂದಿರುವವನು ಏರಿದುದಕ್ಕೆ ಸಾಕ್ಷ್ಯವಿದೆ. ಹಗ್ಗವು ಹಿಂದಿನವನನ್ನು ಎಳೆದುದಕ್ಕೆ ಇಲ್ಲ.

ಪ್ರಶ್ನೆಯು ಅಲ್ಲಿಗೇ ನಿಲ್ಲಲಿಲ್ಲ. 10 ಕೋಟಿ ಯೂರೋಗಳಿಗೆ ಮೇಲ್ಪಟ್ಟ ಸಂಪತ್ತಿಗೆ ಕನಿಷ್ಠ ಶೇಕಡ 2ರ ತೆರಿಗೆ ಬೇಕೆಂದು ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮಾನ್ ಪ್ರತಿಪಾದಿಸಿದ ಸೂತ್ರವನ್ನು ರಾಷ್ಟ್ರಸಭೆ 2025ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ಜೂನ್ ತಿಂಗಳಲ್ಲಿ ಸೆನೆಟ್ ಅದನ್ನು ತಳ್ಳಿಹಾಕಿತು. ಅಕ್ಟೋಬರ್ 31ರಂದು ಆಯವ್ಯಯದ ಚರ್ಚೆಯಲ್ಲಿ ರಾಷ್ಟ್ರಸಭೆಯೂ ತಿರಸ್ಕರಿಸಿತು. ತೆರಿಗೆಯ ದರ ಎಷ್ಟಿರಬೇಕೆಂಬುದರಲ್ಲಿ ಪ್ರಾಮಾಣಿಕರಾದವರಲ್ಲಿಯೂ ಮತಭೇದವಿರುವುದು ಸಹಜ. ಅದನ್ನು ಸಾಹಿತ್ಯ ವಿಮರ್ಶೆ ತೀರ್ಮಾನಿಸಲಾರದು. ಅದು ಹೇಳಬಲ್ಲುದು ಇಷ್ಟು: ಜನರು ಸಿಟ್ಟಿಗೆದ್ದುದು ಕೊಡುವುದಕ್ಕಾಗಿ ಅಲ್ಲ. 1789ರವರೂ 2019ರವರೂ ಕೊಡುವುದಿಲ್ಲವೆಂದು ಬರೆಯಲಿಲ್ಲ. ಕೊಡಬಲ್ಲವರೂ ಕೊಡಲಿ ಎಂದು ಬರೆದರು. ಅಸೂಯೆಯೆಂದು ಇದನ್ನು ಬಗೆದವರು ವಹಿಯನ್ನು ಓದಿದವರಲ್ಲ. ಬರೆಯಿರೆಂದು ಕೇಳಿದವನಿಗೆ ಓದುವ ಋಣವಿರುತ್ತದೆ. ಬೊಕ್ಕಸಕ್ಕೆ ಸಲ್ಲಬೇಕಾದ ತೆರಿಗೆಯಂತೆಯೇ ಪ್ರಜೆಗೆ ಸಲ್ಲಬೇಕಾದ ತೆರಿಗೆಯೂ ಒಂದಿದೆ. ಅವನ ಮಾತಿಗೆ ಕಿವಿಗೊಡುವುದೇ ಆ ತೆರಿಗೆ. ಅದಕ್ಕೆ ಯಾವ ಪ್ರಭುತ್ವವೂ ವಿನಾಯಿತಿ ಪಡೆಯತಕ್ಕದ್ದಲ್ಲ.