ನೂಲಿನಂತೆ ಸೀರೆ ಖರೆ, ಹೊಸ ನೂಲು ಎಲ್ಲಿಂದ ಬಂತು?

ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಡಾರ್ವಿನ್ ಒಂದು ಅಂಕದ ಮನುಷ್ಯ. ‘ನಿಸರ್ಗದ ಆಯ್ಕೆಯ ಸಿದ್ಧಾಂತ ಮಂಡಿಸಿದವರು ಯಾರು?’ ನಾಲ್ಕು ಉತ್ತರ, ಒಂದಕ್ಕೆ ಟಿಕ್, ಮುಂದಿನ ಪ್ರಶ್ನೆ. ಕೆಎಎಸ್, ಪಿಎಸ್‌ಐ ಆಗಲಿಕ್ಕೆ ಬಂದವರಿಗೆ ಇಷ್ಟು ಸಾಕು ಅನ್ನೋಣ. ಆದರೆ ಇದೇ ಓಣಿಯ ಪಿಜಿಗಳಲ್ಲಿ ಶಿಕ್ಷಕರ ನೇಮಕಾತಿಗೆ ಓದುವವರೂ ಇದ್ದಾರಲ್ಲ, ನಾಳೆ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡೋರು ಅವರೇ. ಅವರ ಕೈಗೆ ನಾವು ಎಂಥ ಪಾಠ ಕೊಡ್ತಿದ್ದೇವೆ ಅನ್ನೋದು ಇಲ್ಲಿನ ಪ್ರಶ್ನೆ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಂತ ಒಂದು ಅಧ್ಯಾಯ ಇತ್ತು. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಓದೋದೂ ಇದೇ ಪುಸ್ತಕದ ಕನ್ನಡ ರೂಪ. ಕೋವಿಡ್ ನಂತರ, ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ, 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಕ್ಕೆ ಕತ್ತರಿ ಹಾಕಿತು. ಅಧ್ಯಾಯದ ಹೆಸರಿನಿಂದ ‘ಜೀವವಿಕಾಸ’ ಹೋಯಿತು, ಜೊತೆಗೆ ಪಳೆಯುಳಿಕೆ, ಹೊಸ ಪ್ರಭೇದಗಳ ಹುಟ್ಟು, ಮಾನವ ವಿಕಾಸ ಎಲ್ಲವೂ ಹೋದವು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಆಕ್ಷೇಪಿಸಿದರು. ಬಂದ ಉತ್ತರ: ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದ್ದೇ ಇದೆಯಲ್ಲ.

ಇದೆ, ಖರೆ. ಆದರೆ ಪಿಯುಸಿಯಲ್ಲಿ ಜೀವಶಾಸ್ತ್ರ ತಗೊಂಡವರಿಗೆ ಮಾತ್ರ. ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ, ಐಟಿಐ ಕಡೆ ಹೋದವರಿಗೆ ಹತ್ತನೇ ತರಗತಿಯೇ ಕಡೆಯ ನಿಲ್ದಾಣ. ಇದನ್ನು ಓದುತ್ತಿರುವ ಅಕೌಂಟೆಂಟು, ವಕೀಲರು, ಸಾಫ್ಟ್‌ವೇರ್‌ನವರು ನೆನಪು ಮಾಡಿಕೊಳ್ಳಿ, ನೀವು ಜೀವಶಾಸ್ತ್ರದ ಪುಸ್ತಕ ಕೊನೆಗೆ ಮುಚ್ಚಿದ್ದು ಯಾವಾಗ?

ಉಳಿದಿರುವ ಅಧ್ಯಾಯವನ್ನು ನ್ಯಾಯವಾಗಿ ಓದೋಣ. ಅದರಲ್ಲಿ ಒಳ್ಳೆಯದೂ ಇದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿದೆ ಎಂಬ ಭಾಗ ಹಾಗೇ ಇದೆ. ಮೂರನೇದೂ ಹೆಣ್ಣಾಯಿತು ಅಂತ ಸೊಸೆಯನ್ನು ಹಂಗಿಸುವ ಮನೆಗಳಿರುವ ನಾಡಿನಲ್ಲಿ ಆ ಒಂದು ಪುಟಕ್ಕೆ ಬೆಲೆ ಇದೆ. ಮೆಂಡೆಲ್‌ನ ಬಟಾಣಿ ಗಿಡಗಳೂ ಇವೆ: ಎತ್ತರ, ಗಿಡ್ಡ, ಪ್ರಬಲ, ದುರ್ಬಲ, 3:1. ಚೌಕಳಿ ಹಾಕಿ ಲೆಕ್ಕ ಬಿಡಿಸಿದರೆ ಅಂಕ ಗ್ಯಾರಂಟಿ.

ತೊಂದರೆ ಇರೋದೂ ಅಲ್ಲೇ. ಲಕ್ಷಣಗಳು ತಂದೆತಾಯಿಯಿಂದ ಮಕ್ಕಳಿಗೆ ಬರ್ತಾವೆ ಅನ್ನೋದನ್ನು ನಮ್ಮ ಅಜ್ಜಿಯರೂ ಹೇಳಿದ್ದಾರೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಲಕ್ಷಣಗಳಲ್ಲಿ ವ್ಯತ್ಯಾಸ ಯಾಕೆ, ಆ ವ್ಯತ್ಯಾಸದಿಂದ ಏನಾಗುತ್ತದೆ, ಸಾವಿರಾರು ತಲೆಮಾರು ದಾಟಿದಾಗ ಏನು ಬದಲಾಗುತ್ತದೆ ಎಂಬುದು ಗಾದೆಯಲ್ಲಿ ಇಲ್ಲ. ಅದನ್ನು ಹೇಳುತ್ತಿದ್ದದ್ದು ಕತ್ತರಿಸಿದ ಭಾಗ.

ಅದನ್ನು ಎಷ್ಟು ಚಂದ ಹೇಳಿತ್ತು ನೋಡ್ರಿ. ಹಸಿರು ಪೊದೆಯಲ್ಲಿ ಕೆಂಪು ಜೀರುಂಡೆಗಳು. ಅವುಗಳ ನಡುವೆ ಒಂದು ಹಸಿರು ಜೀರುಂಡೆ ಹುಟ್ಟುತ್ತದೆ. ಕಾಗೆಗಳ ಕಣ್ಣಿಗೆ ಕೆಂಪು ಬೀಳುತ್ತದೆ, ಹಸಿರು ಬೀಳುವುದಿಲ್ಲ. ಕೆಲವು ತಲೆಮಾರಿನಲ್ಲಿ ಪೊದೆ ತುಂಬ ಹಸಿರು ಜೀರುಂಡೆ. ಎರಡನೇ ಕಥೆಯಲ್ಲಿ ಒಂದು ನೀಲಿ ಜೀರುಂಡೆ ಹುಟ್ಟುತ್ತದೆ. ಕಾಗೆಗೆ ನೀಲಿಯೂ ಒಂದೇ, ಕೆಂಪೂ ಒಂದೇ. ಆದರೆ ಆನೆಯೊಂದು ಪೊದೆ ತುಳಿದು ಹೋಗುತ್ತದೆ, ಉಳಿದವುಗಳಲ್ಲಿ ಹೆಚ್ಚಿನವು ನೀಲಿ, ಅದು ಬರೀ ನಸೀಬು. ಮೂರನೇ ಕಥೆಯಲ್ಲಿ ಗಿಡಗಳಿಗೆ ರೋಗ ಬಂದು ಜೀರುಂಡೆಗಳು ಸೊರಗುತ್ತವೆ. ರೋಗ ಹೋದ ಮೇಲೆ ಹುಟ್ಟಿದವು ಮತ್ತೆ ದುಂಡಗೆ. ಹಸಿವು ಮರಿಗಳಿಗೆ ಬಳುವಳಿಯಾಗಿ ಬರುವುದಿಲ್ಲ. ಆಯ್ಕೆ, ಆಕಸ್ಮಿಕ, ಗಳಿಸಿದ ಲಕ್ಷಣ: ಮೂರನ್ನೂ ಬಿಡಿಸಿ ತೋರಿಸಲು ಮೂರು ಕಥೆ. ಹೊರೆ ಇಳಿಸಲು ಹೊರಟವರಿಗೆ ಇದೇ ಭಾರವಾಗಿ ಕಂಡಿತು.

ಅದಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಧಾರವಾಡದಿಂದ ದೂರ ಹೋಗೋದು ಬೇಡ, ಹತ್ತಿ ಹೊಲಕ್ಕೆ ಹೋದರೆ ಸಾಕು. 1972ರಲ್ಲಿ ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿ ತಂದ ಊರು ಇದು. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಗಿಡದಲ್ಲೇ ವಿಷ, ತಿಂದ ಕಾಯಿಕೊರಕ ಹುಳ ಸಾಯುತ್ತದೆ. 2010ರಲ್ಲಿ, ಗುಜರಾತಿನ ಹೊಲಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಗೆ ಜಗ್ಗುತ್ತಿಲ್ಲ ಎಂದು ಬೀಜದ ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಎರಡು ಜೀನ್‌ಗಳ ಬಿಟಿಯನ್ನೂ ಅದು ದಾಟಿತು.

‘ಹುಳಕ್ಕ ವಿಷ ರೂಢಿ ಆಗೇತಿ’ ಅಂತಾರೆ ಜನ. ಯಾವ ಹುಳಕ್ಕೂ ರೂಢಿ ಆಗಿಲ್ಲ. ರೂಢಿಯಾಗುವಷ್ಟು ದಿನ ಅವು ಬದುಕಲೇ ಇಲ್ಲ. ಲಕ್ಷಗಟ್ಟಲೆ ಹುಳಗಳಲ್ಲಿ ಎಲ್ಲೋ ಕೆಲವಕ್ಕೆ ವಿಷ ತಡೆಯುವ ಲಕ್ಷಣ ಮೊದಲೇ ಇತ್ತು. ಉಳಿದವು ಸತ್ತವು, ಇವು ಉಳಿದು ಮರಿ ಮಾಡಿದವು. ಹಸಿರು ಜೀರುಂಡೆಯದೇ ಕಥೆ. ಇದು ಗೊತ್ತಿದ್ದೇ ಬೀಜದ ಜೊತೆ ಬಿಟಿ ಅಲ್ಲದ ಬೀಜದ ಸಣ್ಣ ಪೊಟ್ಟಣ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲಿಕ್ಕೆ. ವಿಷ ತಡೆಯಲಾರದ ಹುಳಗಳೂ ಅಲ್ಲಿ ಬದುಕಿ, ತಡೆಯುವವುಗಳ ಜೊತೆ ಕೂಡಲಿ, ಆ ಲಕ್ಷಣ ಬೇಗ ಹರಡದಿರಲಿ ಎಂಬುದು ಲೆಕ್ಕ. ಹುಳಕ್ಕೆ ಊಟ ಹಾಕಲು ಯಾವ ರೈತ ಬಿತ್ತುತ್ತಾನೆ? ಕಾರಣ ತಿಳಿಸಿದವರಿಲ್ಲ, ಬಹಳಷ್ಟು ರೈತರು ಅದನ್ನು ಬಿತ್ತಲಿಲ್ಲ. ಜೀವವಿಕಾಸ ತಿಳಿಯದೇ ಹೋದದ್ದರ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಬಂತು.

ಇನ್ನೊಂದು ಬೆಲೆ ಇದೆ, ಅದು ಹೊಲದಲ್ಲಿ ಕಾಣುವುದಿಲ್ಲ. ಹಳೆಯ ಅಧ್ಯಾಯ ಮನುಷ್ಯರ ಬಳಿ ಬಂದು ಮುಗಿಯುತ್ತಿತ್ತು. ನಾವು ಚಿಂಪಾಂಜಿಯಿಂದ ಬಂದವರಲ್ಲ, ನಮಗೂ ಅದಕ್ಕೂ ಪೂರ್ವಜರು ಒಂದೇ. ಮೈಬಣ್ಣ ಏನೇ ಇರಲಿ, ಎಲ್ಲರೂ ಒಂದೇ ಪ್ರಭೇದ. ಎಲ್ಲರ ಮೂಲ ಆಫ್ರಿಕಾ. ಜನಾಂಗ ಎಂಬ ಭೇದಕ್ಕೆ ಜೀವಶಾಸ್ತ್ರದ ಆಧಾರ ಇಲ್ಲ. 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಎಂಬರ್ಥದ ಮಾತಾಡಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಹೇಳಿಕೆ ಕೊಡಬೇಕಾಯಿತು. ಆ ಮಾತಿಗೆ ಉತ್ತರ ಹತ್ತನೇ ತರಗತಿ ಪುಸ್ತಕದಲ್ಲೇ ಇತ್ತು.

ಈಗ ಉಳಿದದ್ದು ಕಿವಿಹಾಲೆಯ ಚಟುವಟಿಕೆ. ಯಾರ ಕಿವಿಹಾಲೆ ಬಿಡಿ, ಯಾರದು ಅಂಟಿಕೊಂಡದ್ದು, ತಂದೆತಾಯಿಯದಕ್ಕೆ ಹೋಲಿಸಿ ಪಟ್ಟಿ ಮಾಡಿ ಅನ್ನುತ್ತದೆ ಪುಸ್ತಕ. ಕಿವಿಹಾಲೆಯ ಹಿಂದೆ ಒಂದಲ್ಲ, ಹತ್ತಾರು ಜೀನ್‌ಗಳಿವೆ ಎಂದು ಈಗ ಗೊತ್ತು. ಬಟಾಣಿ ಲೆಕ್ಕ ಅಲ್ಲಿ ಕೂಡುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಹೊಂದದ ಕಿವಿ ಇರುವ ಹುಡುಗಿ ಆ ಪಟ್ಟಿ ಹಿಡಿದು ಮನೆಯಲ್ಲಿ ಏನು ಕೇಳಬೇಕು? ಅದಕ್ಕಿಂತ ದೊಡ್ಡದು, ಲಕ್ಷಣ ರಕ್ತದಲ್ಲೇ ಬರುತ್ತದೆ ಎಂಬುದನ್ನಷ್ಟೇ ಕಲಿತ ಮಗು ಹೊರಗೆ ಕೇಳೋದು ಏನು? ‘ಅದು ಅವರ ಜಾತಿ ಗುಣ’, ‘ಹುಟ್ಟುಗುಣ ಸುಟ್ಟರೂ ಹೋಗದು’. ಪಾಠ ಆ ಮಾತನ್ನು ಹೇಳುವುದಿಲ್ಲ, ಒಪ್ಪ್ಕೊಳ್ಳಿ ಅನ್ನುವುದೂ ಇಲ್ಲ. ಆದರೆ ಅದಕ್ಕೆ ಎದುರು ನಿಲ್ಲುತ್ತಿದ್ದ ಪುಟಗಳನ್ನು ಕಿತ್ತಾದ ಮೇಲೆ, ಮಗುವಿನ ಕೈಯಲ್ಲಿ ಉಳಿಯೋದು ಗಾದೆಗೆ ವಿಜ್ಞಾನದ ಅಂಗಿ ತೊಡಿಸುವಷ್ಟೇ ಜ್ಞಾನ. ಮದುವೆ ಆ್ಯಪಿನಲ್ಲಿ ಉಪಜಾತಿಯ ಫಿಲ್ಟರ್ ಹಾಕಿ ‘ಜೀನ್ಸ್ ಮ್ಯಾಚ್ ಆಗಬೇಕಲ್ಲ’ ಅನ್ನುವ ನಮ್ಮ ವಯಸ್ಸಿನವರು ಕಲಿತಿರೋದೂ ಇಷ್ಟೇ.

ಪುಸ್ತಕ ಬದಲಾಗುವ ತನಕ ಕಾಯಬೇಕಂತಿಲ್ಲ. ಮೂರು ಜೀರುಂಡೆ ಕಥೆಗಳಿಗೆ ಬೇಕಾಗೋದು ಒಂದು ಪಿರಿಯಡ್ಡು, ಮೂರು ಬಣ್ಣದ ಸೀಮೆಸುಣ್ಣ. ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಹಾರುವ ಓತಿಯೊಂದರ ಬೆನ್ನು ಹತ್ತಿ ಕೋಟ್ಯಂತರ ವರ್ಷದ ಜೀವವಿಕಾಸವನ್ನು ನೆನೆಯುವ ಆ ಕಾದಂಬರಿ ಕನ್ನಡದ ಮಕ್ಕಳಿಗೆ ಕಷ್ಟ ಅಂತ ಯಾರಿಗೂ ಅನ್ನಿಸಲಿಲ್ಲ. ಈ ವಾರ ನಿಮ್ಮ ಮನೆಯ ಹತ್ತನೇ ಕ್ಲಾಸಿನ ಮಗು 3:1 ಬಾಯಿಪಾಠ ಒಪ್ಪಿಸಿದರೆ ಒಂದೇ ಒಂದು ಪ್ರಶ್ನೆ ಕೇಳಿ: ಬಿಟಿ ಹತ್ತಿಯೊಳಗ ಹುಳ ಯಾಕ ಸಾಯವಲ್ತು?