ಪುರುಸೊತ್ತಿಲ್ಲದವರ ನಡುವೆ ‘ಮಲೆಗಳಲ್ಲಿ ಮದುಮಗಳು’

ನಮ್ಮ ಸಂಘದಲ್ಲಿ ಅತಿ ಹೆಚ್ಚು ಬಳಕೆಯಾಗುವ ಕನ್ನಡ ಪದ ಯಾವುದೆಂದು ಕೇಳಿದರೆ ನಾನು ‘ಪುರುಸೊತ್ತಿಲ್ಲ’ ಎನ್ನುತ್ತೇನೆ. ಈ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದೂ ಅದೇ. ತಮಾಷೆಯೆಂದರೆ ಆ ಪದ ನಾವು ಈಗ ದುಡಿಯುತ್ತಿರುವ ನಾಡಿನ ಭಾಷೆಯಿಂದಲೇ ನಮಗೆ ಬಂದದ್ದು. ಅರಬ್ಬಿಯ ‘ಫುರ್ಸಾ’ ಪಾರಸಿ, ಹಿಂದೂಸ್ತಾನಿಗಳನ್ನು ಹಾದು ‘ಫುರ್ಸತ್’ ಆಗಿ, ಕನ್ನಡದಲ್ಲಿ ‘ಪುರುಸೊತ್ತು’ ಆಯಿತು. ನಮ್ಮಲ್ಲಿ ಅದಕ್ಕೆ ಬಿಡುವು ಎಂಬ ಅರ್ಥ. ಅರಬ್ಬಿಯಲ್ಲಿ ಇವತ್ತಿಗೂ ಅದು ಅವಕಾಶ. ಪತ್ರಿಕೆಯ ಉದ್ಯೋಗ ಜಾಹೀರಾತಿನಲ್ಲಿ ‘ಫುರ್ಸತ್ ಅಮಲ್’ ಎಂದಿದ್ದರೆ ಕೆಲಸದ ಅವಕಾಶವಿದೆ ಎಂದು ತಿಳಿಯಬೇಕು. ನಾವೆಲ್ಲ ಆ ಫುರ್ಸಾ ಹುಡುಕಿಕೊಂಡು ಮಸ್ಕತ್ತಿಗೆ ಬಂದವರು. ಅದು ಸಿಕ್ಕಿತು, ನಮ್ಮ ಅರ್ಥದ ಪುರುಸೊತ್ತು ಹೋಯಿತು.

ಈ ಕೊರತೆಗೆ ಪರಿಹಾರ ಹೇಳುವ ಪುಸ್ತಕಗಳು ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಸಾಲಾಗಿ ಇರುತ್ತವೆ. ಒಂದೆರಡನ್ನು ಕೊಂಡು ಓದಿದ್ದೇನೆ. ಬೆಳಿಗ್ಗೆ ಬೇಗ ಏಳು, ಪಟ್ಟಿ ಮಾಡು, ಒಂದು ಹೊತ್ತಿನಲ್ಲಿ ಎರಡು ಕೆಲಸ ಮುಗಿಸು ಎನ್ನುತ್ತವೆ. ಹಾಗೆ ಉಳಿಸಿದ ಗಂಟೆಗೆ ಮತ್ತೊಂದು ಕೆಲಸ ಬಂದು ಕೂರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಪ್ರಶ್ನೆಯ ಬಗ್ಗೆ ನನಗೆ ನಿಜವಾಗಿ ಏನಾದರೂ ಕಲಿಸಿದ್ದು, ಅದನ್ನು ಕಲಿಸುವ ಉದ್ದೇಶವೇ ಇಲ್ಲದ ಒಂದು ಕಾದಂಬರಿ: 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’.

ಸುಮಾರು 700 ಪುಟಗಳ ಆ ಪುಸ್ತಕವನ್ನು ರಜೆಗೆ ಊರಿಗೆ ಹೋದಾಗ ಕೊಂಡು ತಂದಿದ್ದೆ. ಹಲವು ವರ್ಷ ಅದು ಕಪಾಟಿನಲ್ಲೇ ಇತ್ತು, ಕಾರಣ ಮೇಲೆ ಹೇಳಿದ್ದೇ. ಕೊನೆಗೆ ನಾವು ಏಳೆಂಟು ಜನ ಸೇರಿ, ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಅಲ್ ಘುಬ್ರಾದ ಸದಸ್ಯರೊಬ್ಬರ ಮನೆಯಲ್ಲಿ ಗಟ್ಟಿಯಾಗಿ ಓದುವುದೆಂದು ನಿಶ್ಚಯಿಸಿದೆವು. ಒಬ್ಬರು ಓದುವುದು, ಉಳಿದವರು ಕೇಳುವುದು. ಮನಸ್ಸಿನಲ್ಲಿ ಓದುವಾಗ ಕಣ್ಣು ಸಾಲು ಹಾರಿಸಿ ಮುಂದೆ ಓಡಬಹುದು. ಗಟ್ಟಿಯಾಗಿ ಓದಿದರೆ ಬಾಯಿ ಅದಕ್ಕೆ ಒಪ್ಪುವುದಿಲ್ಲ.

ಕಾದಂಬರಿ ಶುರುವಾಗುವ ಮೊದಲು ಕುವೆಂಪು ಓದುಗನಿಗೆ ಕೆಲವು ಮಾತು ಹೇಳುತ್ತಾರೆ. ಇಲ್ಲಿ ಮುಖ್ಯರು ಅಮುಖ್ಯರು ಎಂಬ ಭೇದವಿಲ್ಲ, ಇಲ್ಲಿನ ಆತುರಕ್ಕೆ ನಿಧಾನವೇ ವಾಹನ ಎಂಬ ಅರ್ಥದವು. ಈಗ ಆ ಸಾಲುಗಳು ಶುಭಾಶಯ ಪತ್ರಗಳಲ್ಲಿ, ವಾಟ್ಸ್ಯಾಪ್ ಸಂದೇಶಗಳಲ್ಲಿ ‘ನಿಧಾನವಾಗಿ ಬಾಳಿ’ ಎಂಬ ಉಪದೇಶವಾಗಿ ತಿರುಗಾಡುತ್ತಿವೆ. ಈ ಓದನ್ನು ನಾನು ಒಪ್ಪಲಾರೆ. ಕಾದಂಬರಿಯೊಳಗೆ ಅವಸರ ಬೇಕಾದಷ್ಟಿದೆ. ನಾಯಿಗುತ್ತಿಗೆ ತಿಮ್ಮಿಯನ್ನು ಬೇಗ ಹಾರಿಸಿಕೊಂಡು ಹೋಗಬೇಕು. ಸಿಕ್ಕಿಬಿದ್ದರೆ ಬೆನ್ನಿನ ಚರ್ಮ ಉಳಿಯುವುದಿಲ್ಲ. ರಾತ್ರಿ, ಮಳೆ, ಕಾಡು, ಬೆನ್ನಟ್ಟುವವರು, ತುಂಬಿ ಹರಿಯುವ ತುಂಗೆ ಎಲ್ಲವೂ ಇವೆ. ಆದರೆ ಗುತ್ತಿಯ ಅವಸರ ಒಂದೇ ಕಡೆ ಮುಖ ಮಾಡಿದ್ದು. ಅವನು ನಡೆಯುವಾಗ ನಡೆಯುತ್ತಾನೆ. ದಾರಿಯ ಇಂಬಳಕ್ಕೂ, ಜೊತೆಗೆ ಬರುವ ನಾಯಿ ಹುಲಿಯನಿಗೂ ಲೇಖಕ ಪುಟಗಟ್ಟಲೆ ಜಾಗ ಕೊಡುತ್ತಾರೆ. ನಮ್ಮ ಅವಸರ ಏಕಕಾಲಕ್ಕೆ ಏಳು ಕಡೆ ಮುಖ ಮಾಡುತ್ತದೆ. ಸುಲ್ತಾನ್ ಕಾಬೂಸ್ ಹೆದ್ದಾರಿಯಲ್ಲಿ ಕಾರು ಓಡಿಸುತ್ತ ಊರಿಗೆ ಫೋನು ಮಾಡುತ್ತ, ತಲೆಯಲ್ಲಿ ನಾಳೆಯ ಮೀಟಿಂಗು ನಡೆಸುವವರು ನಾವು.

ಇದೇ ಮಾತಿಗೆ ಸೇರುವ ಇನ್ನೊಂದು ಪ್ರಸಂಗ ‘ಬೀಸೇಕಲ್ಲು’. ಬೈಸಿಕಲ್ಲು ಎಂಬುದು ಮಲೆನಾಡಿನ ಬಾಯಲ್ಲಿ ಹಾಗಾಯಿತು. ಪಾದ್ರಿಯ ಸಹವಾಸದಿಂದ ದೇವಯ್ಯನಿಗೆ ಸವಾರಿಯ ಹುಚ್ಚು ಹತ್ತಿ, ಅದನ್ನು ನೋಡಲು ಊರೇ ನೆರೆಯುತ್ತದೆ. ನಮ್ಮ ಓದಿನ ಕೂಟದಲ್ಲಿ ಆ ದಿನ ನಕ್ಕಷ್ಟು ಮತ್ತೆಂದೂ ನಕ್ಕಿಲ್ಲ. ಗಮನಿಸಬೇಕಾದ್ದು ಇಷ್ಟು: ಸಮಯ ಉಳಿಸಲು ಬಂದ ಮೊದಲ ಯಂತ್ರ ಮೊದಲು ಮಾಡಿದ್ದು ಊರಿನವರೆಲ್ಲರ ಸಮಯ ತಿನ್ನುವ ಕೆಲಸ! ನನ್ನ ಕಿಸೆಯಲ್ಲಿರುವ ಬೀಸೇಕಲ್ಲಿನ ಕಥೆಯೂ ಬೇರೆಯಲ್ಲ.

ಇಷ್ಟಾದರೂ ಕಾದಂಬರಿಯನ್ನು ಹಳೆಯ ಕಾಲದ ನೆಮ್ಮದಿಯ ಚಿತ್ರವೆಂದು ಹೊಗಳುವವರ ಜೊತೆ ನನಗೆ ತಕರಾರಿದೆ. ನಮ್ಮ ಕೂಟದ ಹಿರಿಯರೊಬ್ಬರು, ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುವ ಗೌಡರನ್ನು ಕಂಡು, “ಆಗಿನವರಿಗೆ ಎಷ್ಟು ಬಿಡುವಿತ್ತು ನೋಡಿ” ಎಂದರು. ಬಿಡುವು ಯಾರಿಗಿತ್ತು? ಗುತ್ತಿ ಜೀತದಾಳು. ಅವನ ಹಗಲು ಅವನದಲ್ಲ, ಒಡೆಯರದು. ತಿಮ್ಮಿ ಯಾರನ್ನು ಮದುವೆಯಾಗಬೇಕು ಎನ್ನುವುದೂ ಒಡೆಯರ ತೀರ್ಮಾನ. ಅವರಿಬ್ಬರೂ ಓಡಿಹೋಗುವಾಗ ಕದಿಯುವುದು ತಮ್ಮದೇ ಸಮಯವನ್ನು. ಪೀಂಚಲು, ಐತ, ನಾಗಕ್ಕ ಇವರ್ಯಾರಾದರೂ ಸುಮ್ಮನೆ ಕೂತದ್ದು ಎಷ್ಟು ಹೊತ್ತು? ಜಗಲಿಯ ಬಿಡುವಿನ ಲೆಕ್ಕ ಗದ್ದೆಯಲ್ಲಿ, ಒಲೆಯ ಮುಂದೆ ಸಂದಾಯವಾಗುತ್ತಿತ್ತು. ಕುವೆಂಪು ಇದನ್ನು ಮುಚ್ಚಿಡುವುದಿಲ್ಲ, ಓದುವ ನಾವು ಮುಚ್ಚಿಕೊಳ್ಳುತ್ತೇವೆ. ಇಲ್ಲೂ ಅಷ್ಟೇ. ನನ್ನ ಮನೆಯಲ್ಲಿ ಅಡುಗೆ, ಪಾತ್ರೆ, ಇಸ್ತ್ರಿಯಿಂದ ಉಳಿದ ಗಂಟೆಗಳು ತನ್ನ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಒಬ್ಬ ಹೆಣ್ಣುಮಗಳ ಗಂಟೆಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲು ಕೆಲಸ ನಿಲ್ಲಿಸಬೇಕೆಂಬ ನಿಯಮ ಒಮಾನಿನಲ್ಲಿದೆ. ಬಿಸಿಲಲ್ಲಿ ದುಡಿಯುವವರಿಗೆ ಬಿಡುವು ಕಾನೂನಿನಿಂದ ಬಂದಿದೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಾನು ಅದೇ ಮೂರು ಗಂಟೆಯಲ್ಲಿ ‘ಉಸಿರಾಡಲು ಸಮಯವಿಲ್ಲ’ ಎಂದು ಗೆಳೆಯರಿಗೆ ಸಂದೇಶ ಕಳಿಸುತ್ತೇನೆ.

ನನ್ನ ಮಟ್ಟಿಗೆ ಈ ಕಾದಂಬರಿಯ ಅತ್ಯಂತ ಕಷ್ಟದ ಭಾಗ ರಂಗಮ್ಮ. ಅವಳ ಗಂಡ ದೊಡ್ಡಣ್ಣ ಹೆಗ್ಗಡೆ ತಿರುಪತಿಗೆ ಹೋದವನು ಮರಳಲಿಲ್ಲ. ಅವಳು ಕಾಯುತ್ತಾಳೆ, ಕಾದು ಕಾದು ಮನಸ್ಸು ಕದಡುತ್ತದೆ, ಮಗ ಧರ್ಮು ಪಕ್ಕದಲ್ಲೇ ಬೆಳೆಯುತ್ತಾನೆ. ಆ ಪುಟಗಳನ್ನು ಓದುವ ಸರದಿ ನನಗೇ ಬಂದಿತ್ತು. ಕಾಯುವವರ ಕಡೆ ಹೊತ್ತು ಹೋಗುವುದಿಲ್ಲ, ಹೋದವರ ಕಡೆ ಹೊತ್ತು ಸಾಲುವುದಿಲ್ಲ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ನಾನು ಫೋನು ಮಾಡುತ್ತಿದ್ದದ್ದು ಕಾರಿನಿಂದಲೇ. ನಮಗೂ ಊರಿಗೂ ಒಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ ಎಂಟಕ್ಕೆ ಮನೆ ಸೇರಿದರೆ ಅಲ್ಲಿ ಒಂಬತ್ತೂವರೆ, ಅಮ್ಮ ಮಲಗಿರುತ್ತಾರೆ. ಹಾಗಾಗಿ ದಾರಿಯಲ್ಲೇ ಮಾತು ಮುಗಿಸುವುದು ನನ್ನ ಜಾಣತನವಾಗಿತ್ತು. ಒಂದು ದಿನ ಅಮ್ಮ, “ಮಗಾ, ಅದೇನೋ ಟಿಕ್ ಟಿಕ್ ಅಂತದಲ್ಲ, ಗಾಡಿ ತಿರುಗಿಸ್ತಾ ಇದೀಯ? ಇಳಿದ ಮೇಲೆ ಮಾಡು. ಇಲ್ಲದಿದ್ರೆ ನಾಳೆ ಮಾಡು, ನಂಗೇನು ಅವಸರ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಇಂಡಿಕೇಟರಿನ ಸದ್ದು ಅವರಿಗೆ ವರ್ಷಗಳಿಂದ ಕೇಳಿಸುತ್ತಿತ್ತು ಎಂಬುದು ಆಗ ತಿಳಿಯಿತು.

ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ನಿಜ್ವಾ ಸಮೀಪದ ಬಿರ್ಕತ್ ಅಲ್ ಮೌಜ್‌ಗೆ ಹೋಗಿದ್ದೆ. ಕಾದಂಬರಿ ತಲೆಯಲ್ಲಿದ್ದುದರಿಂದ ಅಲ್ಲಿನ ಫಲಜ್ ಬೇರೆಯೇ ರೀತಿ ಕಂಡಿತು. ಫಲಜ್ ಎಂದರೆ ಬೆಟ್ಟದ ಬುಡದ ನೀರನ್ನು ಇಳಿಜಾರಿನಲ್ಲೇ ಊರಿಗೆ, ತೋಟಕ್ಕೆ ತರುವ ಕಾಲುವೆ. ಇಂಥ ಸುಮಾರು 3000 ಕಾಲುವೆಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಐದು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಬಿರ್ಕತ್ ಅಲ್ ಮೌಜ್‌ನ ಅಲ್ ಖತ್ಮೈನ್ ಅವುಗಳಲ್ಲೊಂದು. ಇಲ್ಲಿ ನೀರನ್ನು ಕೊಡಗಳಲ್ಲಿ ಅಳೆಯುವುದಿಲ್ಲ, ಹೊತ್ತಿನಲ್ಲಿ ಅಳೆಯುತ್ತಾರೆ. ಸುಮಾರು ಅರ್ಧ ಗಂಟೆಯ ಪಾಲಿಗೆ ‘ಅಥರ್’ ಎಂದು ಹೆಸರು. ಹಿಂದೆ ಹಗಲು ನೆಟ್ಟ ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಹೇಳುತ್ತಿದ್ದರು. ಮೊದಲು ಕುಡಿಯಲು, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಉಳಿದದ್ದು ತೋಟಕ್ಕೆ. ಸರದಿ ಮುಗಿದರೆ ಅಡ್ಡಗಟ್ಟು ಸರಿಸಿ ನೀರನ್ನು ನೆರೆಯವನ ತೋಟಕ್ಕೆ ತಿರುಗಿಸಲೇಬೇಕು.

ಅಲ್ಲೂ ಎಲ್ಲರಿಗೂ ಸಮಪಾಲಿಲ್ಲ, ಪಾಲು ಮಾರುವುದು ಕೊಳ್ಳುವುದು ಉಂಟು. ಹಾಗಾಗಿ ಅದನ್ನೂ ಆದರ್ಶವೆಂದು ಹೇಳುತ್ತಿಲ್ಲ. ನನಗೆ ಹಿಡಿಸಿದ್ದು, ಯಾವ ಹೊತ್ತು ಯಾರದು ಎನ್ನುವುದು ಊರಿಗೆಲ್ಲ ಗೊತ್ತಿರುವುದು. ನನ್ನ ಇಪ್ಪತ್ತನಾಲ್ಕು ಗಂಟೆಯಲ್ಲಿ ಯಾವ ಅಥರ್ ಕಚೇರಿಯದು, ಯಾವುದು ಮಕ್ಕಳದು, ಯಾವುದು ಅಮ್ಮನದು ಎಂದು ನಾನು ಎಂದೂ ಹೇಳಿಕೊಂಡಿರಲಿಲ್ಲ. ಎಲ್ಲ ನೀರೂ ಒಂದೇ ತೋಟಕ್ಕೆ ಹರಿಯುತ್ತಿತ್ತು, ಉಳಿದ ತೋಟಗಳಿಗೆ ‘ಪುರುಸೊತ್ತಿಲ್ಲ’ ಎಂಬ ಉತ್ತರ. ಸಮಯ ಸಾಲದೆಂಬ ಭಾವನೆ ಹುಟ್ಟುತ್ತಿದ್ದದ್ದು ಅಲ್ಲಿಂದಲೇ ಎಂದು ಈಗ ನನಗೆ ಅನ್ನಿಸುತ್ತದೆ.

ಸಾಲದೆನ್ನುವ ಜನರೇ ಬೇಕೆಂದಾಗ ಎಷ್ಟು ಹೊತ್ತು ಕೊಡಬಲ್ಲರು ಎಂಬುದಕ್ಕೆ ಇದೇ ಕಾದಂಬರಿಯ ರಂಗರೂಪ ಸಾಕ್ಷಿ. ಕೆ.ವೈ. ನಾರಾಯಣಸ್ವಾಮಿ ಅವರ ರಂಗಪಠ್ಯವನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿಸಿದಾಗ ನಾಟಕ ಸುಮಾರು ಒಂಬತ್ತು ಗಂಟೆ, ರಾತ್ರಿಯಿಡೀ ನಡೆಯಿತು. ಪ್ರೇಕ್ಷಕರು ಬೆಳಗಿನವರೆಗೆ ಕೂತು ನೋಡಿದರು.

ನಾನು ಈಗ ಕಚೇರಿಯಿಂದ ಹೊರಟಾಗ ಫೋನು ಮಾಡುವುದಿಲ್ಲ. ಹೊರಡುವ ಮೊದಲು, ಊರಿನಲ್ಲಿ ಏಳು ಗಂಟೆಯಾಗುವಾಗ, ಒಂದು ಅಥರ್ ಅಮ್ಮನದು. ಆ ಅರ್ಧ ಗಂಟೆಯಲ್ಲಿ ಅಡಿಕೆ ಕೊಯ್ಲಿನ ಸುದ್ದಿ, ಪಕ್ಕದ ಮನೆಯ ದನದ ಸುದ್ದಿ ಮುಗಿದು ಕೆಲವೊಮ್ಮೆ ಇಬ್ಬರಿಗೂ ಹೇಳಲು ಏನೂ ಇರುವುದಿಲ್ಲ. ಆಗಲೂ ಇಬ್ಬರೂ ಫೋನು ಇಡುವುದಿಲ್ಲ. ಕಚೇರಿಯ ಕೆಲಸವೇನೂ ಕಡಿಮೆಯಾಗಿಲ್ಲ, ಒಂದೆರಡು ಉತ್ತರಗಳು ಮರುದಿನಕ್ಕೆ ಹೋಗುತ್ತವೆ ಅಷ್ಟೆ.

ಓದಿನ ಕೂಟ ಹುಲಿಯ ತುಂಗೆಯ ಪಾಲಾಗುವ ಪುಟಗಳವರೆಗೆ ಬಂದು ನಿಂತಿದೆ. ಕಳೆದ ಬಾರಿ ಓದುತ್ತಿದ್ದವರಿಗೆ ಗಂಟಲು ಕಟ್ಟಿ ಪುಸ್ತಕ ಮುಚ್ಚಿದರು. ಮುಂದಿನ ಶುಕ್ರವಾರ ಅಲ್ಲಿಂದಲೇ ಶುರು. ಇದು ಮುಗಿದ ಮೇಲೆ ‘ಕಾನೂರು ಹೆಗ್ಗಡಿತಿ’. ಬರುವವರು ಪುಸ್ತಕ ತರಬೇಕಾಗಿಲ್ಲ, ನಮ್ಮಲ್ಲಿ ಎರಡು ಪ್ರತಿ ಇವೆ.