ಕಂಬಕ್ಕೇರಿದ ಕಂಪ್ಯೂಟರ್

ಸ್ಪ್ಯಾನರ್ ಇಲ್ಲದ ಮನೆಯನ್ನು ಕೆಜಿಎಫ್‌ನಲ್ಲಿ ಹುಡುಕಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನಕ್ಕೆ ಕೈ ಹಾಕಿದ್ದು ಮೊದಲುಗೊಂಡು 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು ಇಲ್ಲಿ ತಲೆಮಾರುಗಟ್ಟಲೆ ಬಾಳಿದರು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕಾರ್ಖಾನೆ ಆ ಕಸುಬನ್ನು ಇನ್ನೂ ಉಳಿಸಿಕೊಂಡಿದೆ. ಇಂಥ ಊರಲ್ಲಿ ನಿಂತು ‘ಟೂಲ್ಸ್ ಬೇಡ, ಕೈಯಲ್ಲೇ ಕೂರಿಸಬಹುದು’ ಎಂದರೆ ಹಿರಿಯರು ಹುಬ್ಬೇರಿಸುತ್ತಾರೆ. ಬೋಲ್ಟ್ ಬಿಗಿಯದ ಜೋಡಣೆ ಎಷ್ಟು ದಿನ ಬಂದೀತು ಎಂಬ ಅನುಮಾನ ಅವರದು. ಅನುಮಾನ ಸಕಾರಣವೇ. ಆದರೂ ಈ ವಾರ ನಾನು ಅಂಥದೊಂದು ಜೋಡಣೆಯ ಪರ ವಕಾಲತ್ತು ವಹಿಸುತ್ತೇನೆ: ಸ್ಕ್ರೂಡ್ರೈವರ್ ಮುಟ್ಟದೆ ಇಡೀ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಮಾನಿಟರ್ ಸ್ಟ್ಯಾಂಡಿನ ಬೆನ್ನಿಗೆ ಕೂರಿಸುವುದು.

ನಾನು ಹೇಳುತ್ತಿರುವುದು ಕಾಲಬುಡದಲ್ಲಿ ಕೂರುವ ದೊಡ್ಡ ಕ್ಯಾಬಿನೆಟ್ಟಿನ ಮಾತಲ್ಲ. ಲೆನೊವೊ 2012ರಲ್ಲಿ ಥಿಂಕ್‌ಸೆಂಟರ್ ಎಂ92ಪಿ ಟೈನಿಯನ್ನು ತಂದ ಮೇಲೆ ಆಫೀಸುಗಳಿಗೆ ಒಂದು ಹೊಸ ಜಾತಿ ಬಂತು. ಡೆಲ್ ತನ್ನದನ್ನು ಆಪ್ಟಿಪ್ಲೆಕ್ಸ್ ಮೈಕ್ರೋ ಎಂದಿತು, ಎಚ್‌ಪಿ ಡೆಸ್ಕ್‌ಟಾಪ್ ಮಿನಿ ಎಂದಿತು. ಮೂರೂ ಸರಿಸುಮಾರು ಒಂದೇ ಅಳತೆಯವು: ಉದ್ದಗಲ ಹದಿನೆಂಟು ಸೆಂಟಿಮೀಟರ್ ಆಸುಪಾಸು, ದಪ್ಪ ಮೂರೂವರೆ ಸೆಂಟಿಮೀಟರ್, ತೂಕ ಒಂದೂಕಾಲು ಕೆಜಿ ಹತ್ತಿರ. ಒಳಗಿರುವುದು ಪೂರಾ ಡೆಸ್ಕ್‌ಟಾಪ್. ಇವುಗಳಲ್ಲಿ ಹೆಚ್ಚಿನವಕ್ಕೆ ಹೆಸರಿನ ಕೊನೆಯಲ್ಲಿ ‘ಟಿ’ ಅಕ್ಷರವಿರುವ, 35 ವ್ಯಾಟಿನ ಇಂಟೆಲ್ ಪ್ರೊಸೆಸರ್ ಹಾಕಿರುತ್ತಾರೆ.

ಈ ಪುಟ್ಟ ಪೆಟ್ಟಿಗೆ ಬೇರೆಲ್ಲಿಗಿಂತ ಹೆಚ್ಚಾಗಿ ನಮ್ಮ ಕಡೆಗೇ ಹೇಳಿ ಮಾಡಿಸಿದ್ದು ಎನ್ನುವುದು ನನ್ನ ವಾದ. ಮೊದಲನೆಯದು ಜಾಗ. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಓದುವ ಮೇಜು, ಹೊಲಿಗೆ ಮಷೀನು, ಟೀವಿ ಎಲ್ಲ ಒಂದೇ ಕೋಣೆಯಲ್ಲಿ. ಬಂಗಾರಪೇಟೆಯ ಸ್ಟೇಷನ್ ಕಡೆಯ ಜೆರಾಕ್ಸ್ ಅಂಗಡಿಗಳ ಕೌಂಟರಂತೂ ಒಂದು ಮೊಳ ಅಗಲ. ಅಲ್ಲಿ ಕ್ಯಾಬಿನೆಟ್ ಇಟ್ಟರೆ ಪ್ರಿಂಟರಿಗೆ ಜಾಗವಿಲ್ಲ, ಪ್ರಿಂಟರ್ ಇಟ್ಟರೆ ಗಿರಾಕಿಯ ಮೊಣಕೈಗೆ ಜಾಗವಿಲ್ಲ.

ಎರಡನೆಯದು ಧೂಳು. ಕೆಜಿಎಫ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನಿಂದ ಚಿನ್ನ ತೆಗೆದು, ಉಳಿದದ್ದನ್ನು ಸುರಿದು ಸುರಿದು ಎದ್ದ ಹದಿಮೂರು ದಿಬ್ಬಗಳು ಊರ ಸುತ್ತ ಇವೆ. ಒಟ್ಟು ಮೂರು ಕೋಟಿ ಟನ್ನಿಗೂ ಮಿಕ್ಕಿದ ಪುಡಿ. ಗಾಳಿಕಾಲದಲ್ಲಿ ಅದು ಎದ್ದು ಬಂದು ಕಿಟಕಿ ಸಂದಿಯಲ್ಲಿ ನುಗ್ಗುತ್ತದೆ. ನೆಲದ ಮೇಲಿನ ಕ್ಯಾಬಿನೆಟ್ ಫ್ಯಾನು ಕಸಬರಿಕೆಗೆ ಎದ್ದ ಧೂಳನ್ನೂ ಒಳಗೆಳೆದುಕೊಂಡು, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೂದು ಬಣ್ಣದ ಕಂಬಳಿ ನೇಯುತ್ತದೆ. ಮೇಜಿನಿಂದ ಒಂದಡಿ ಮೇಲೆ ನೆಟ್ಟಗೆ ನಿಂತ ಪೆಟ್ಟಿಗೆಗೆ ಧೂಳು ಹೋಗುವುದೇ ಇಲ್ಲ ಎಂದೇನಲ್ಲ, ಹೋಗುವುದು ಕಡಿಮೆ. ಅದಕ್ಕಿಂತ ಮುಖ್ಯ, ಒಂದು ಗುಂಡಿ ಒತ್ತಿ ಪೆಟ್ಟಿಗೆಯನ್ನು ಕೆಳಗಿಳಿಸಿ, ವರಾಂಡಕ್ಕೆ ಒಯ್ದು, ಬ್ಲೋವರ್ ಹಿಡಿದು ಮತ್ತೆ ಸಿಕ್ಕಿಸಬಹುದು. ಸ್ಕ್ರೂ ಬಿಚ್ಚಬೇಕೆಂದರೆ ‘ಮುಂದಿನ ಭಾನುವಾರ ನೋಡೋಣ’ ಎನ್ನುವ ಜನ ನಾವು. ಆ ಭಾನುವಾರ ದೀಪಾವಳಿಗೇ ಬರುವುದು.

ಮೂರನೆಯದು ಕರೆಂಟು. ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಈ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ಬಂದದ್ದು ಅದಾದ ಮೂರು ವರ್ಷಕ್ಕೆ. ಆ ಹೆಮ್ಮೆ ಇಟ್ಟುಕೊಂಡೇ ನಾವು ಇಂದು ಯುಪಿಎಸ್ ಕೊಳ್ಳುತ್ತೇವೆ. ಈ ಮಿನಿಗಳಿಗೆ ಸಾಮಾನ್ಯವಾಗಿ 65 ಅಥವಾ 90 ವ್ಯಾಟಿನ ಅಡಾಪ್ಟರ್ ಸಾಕು. ಟೈಪು, ಬಿಲ್ಲು, ಆನ್‌ಲೈನ್ ಅರ್ಜಿಯಂಥ ಕೆಲಸದಲ್ಲಿ ಅದರ ಕಾಲುಭಾಗವೂ ಖರ್ಚಾಗದು. ಅದೇ ಯುಪಿಎಸ್, ಅದೇ ಬ್ಯಾಟರಿ ಹೆಚ್ಚು ಹೊತ್ತು ಎಳೆಯುತ್ತದೆ.

ಇನ್ನು ಕೂರಿಸುವ ಶಾಸ್ತ್ರ. ಮಾನಿಟರಿನ ಬೆನ್ನಿಗೆ ಏನನ್ನು ಸಿಕ್ಕಿಸಲೂ ಜಗತ್ತು ಒಪ್ಪಿಕೊಂಡ ಅಳತೆಯೊಂದಿದೆ. ವೆಸಾ ಎಂಬ ಸಂಘ ಗೊತ್ತು ಮಾಡಿದ್ದು: ನಾಲ್ಕು ತೂತು, ಒಂದರಿಂದೊಂದಕ್ಕೆ 75 ಅಥವಾ 100 ಮಿಲಿಮೀಟರ್ ದೂರ, ಎಂ4 ಅಳತೆಯ ಸ್ಕ್ರೂ. ಈ ನಾಲ್ಕು ತೂತುಗಳಿಂದಾಗಿ ಯಾವ ಕಂಪನಿಯ ಮಾನಿಟರನ್ನೂ ಯಾವ ಕಂಪನಿಯ ಗೋಡೆ ಬ್ರಾಕೆಟ್ಟಿಗೂ ಹಾಕಬಹುದು. ಆದರೆ ಇಲ್ಲೊಂದು ತೊಡಕಿದೆ. ಅನೇಕ ಮಾನಿಟರುಗಳಲ್ಲಿ ಸ್ಟ್ಯಾಂಡ್ ಬಂದು ಕೂರುವುದು ಆ ತೂತುಗಳ ಮೇಲೆಯೇ. ಸ್ಟ್ಯಾಂಡ್ ಹಾಕಿದರೆ ತೂತು ಮುಚ್ಚಿತು, ಕಂಪ್ಯೂಟರಿಗೆ ಜಾಗ ಹೋಯಿತು. ನಡುವೆ ಒಂದು ತಗಡಿನ ಪ್ಲೇಟ್ ಸೇರಿಸುವುದು ಒಂದು ದಾರಿ. ಪರದೆಯನ್ನು ಬಿಟ್ಟು ಸ್ಟ್ಯಾಂಡಿನ ಕಂಬಕ್ಕೇ ಕಂಪ್ಯೂಟರನ್ನು ಏರಿಸುವುದು ಇನ್ನೊಂದು. ನನ್ನ ಓಟು ಎರಡನೆಯದಕ್ಕೆ.

ಕಾರಣವಿದೆ. ಮೇಲೆ ಕೆಳಗೆ ಜಾರುವ ಸ್ಟ್ಯಾಂಡಿನ ಕಂಬದೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಅದನ್ನು ಪರದೆಯ ತೂಕಕ್ಕೆ ಸರಿಯಾಗಿ ಹದ ಮಾಡಿರುತ್ತಾರೆ, ಬೆರಳಲ್ಲಿ ತಳ್ಳಿದರೆ ಏರುವುದು, ಬಿಟ್ಟಲ್ಲಿ ನಿಲ್ಲುವುದು ಅದರಿಂದಲೇ. ಪರದೆಯ ಬೆನ್ನಿಗೆ ಇನ್ನೂ ಒಂದೂಕಾಲು ಕೆಜಿ ಹೇರಿದರೆ ಹದ ಕೆಟ್ಟು, ಪರದೆ ಮೆಲ್ಲಗೆ ಕುಸಿಯುತ್ತ ಹೋಗಬಹುದು, ಇಲ್ಲವೇ ಮೋರೆ ಮೇಲೆ ಮಾಡಿಕೊಂಡೀತು. ಕಂಬದ ಬೆನ್ನಿಗೆ ಹಾಕಿದರೆ ಸ್ಪ್ರಿಂಗಿಗೆ ಆ ಭಾರ ತಟ್ಟುವುದೇ ಇಲ್ಲ. ಪರದೆ ಮುಂದಕ್ಕೆ ಜಗ್ಗುತ್ತದೆ, ಪೆಟ್ಟಿಗೆ ಹಿಂದಕ್ಕೆ ಜಗ್ಗುತ್ತದೆ, ನಡುವಿನ ಕಂಬ ನೆಟ್ಟಗೆ ನಿಲ್ಲುತ್ತದೆ.

ಡೆಲ್‌ನವರ ಮೈಕ್ರೋ ಆಲ್-ಇನ್-ಒನ್ ಸ್ಟ್ಯಾಂಡ್ ಈ ಪಂಥದ್ದು. ಲೆನೊವೊ ಟೈನಿ-ಇನ್-ಒನ್ ಮಾನಿಟರಿನದು ಬೇರೆ ಸಂಪ್ರದಾಯ: ಪರದೆಯ ಬೆನ್ನಲ್ಲೇ ಗೂಡು ಮಾಡಿ, ಟೈನಿಯನ್ನು ಅದರೊಳಗೆ ಜಾರಿಸಿಬಿಡುತ್ತಾರೆ. ಅಲ್ಲಿ ಮಾನಿಟರನ್ನೇ ಆ ತೂಕಕ್ಕೆ ಮಾಡಿಸಿರುವುದರಿಂದ ಕುಸಿಯುವ ಭಯವಿಲ್ಲ. ಎಚ್‌ಪಿಯವರದು ಕ್ವಿಕ್ ರಿಲೀಸ್ ಬ್ರಾಕೆಟ್. ಒಂದು ತಗಡು ಯಂತ್ರಕ್ಕೆ, ಇನ್ನೊಂದು ಆಧಾರಕ್ಕೆ, ಎರಡನ್ನೂ ಜಾರಿಸಿದರೆ ಕೊಂಡಿ ಬೀಳುತ್ತದೆ. ಆದರೆ ಮೊದಲ ಸಲ ಆ ತಗಡು ಕೂರಿಸಲು ಸ್ಕ್ರೂಡ್ರೈವರ್ ಬೇಕೇ ಬೇಕು. 2019ರಲ್ಲಿ ಡೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಪ್ಟಿಪ್ಲೆಕ್ಸ್ 7070 ಅಲ್ಟ್ರಾದಲ್ಲಿ ಕಂಪ್ಯೂಟರನ್ನು ಸ್ಟ್ಯಾಂಡಿನ ಕಂಬದ ಒಳಗೇ ಅಡಗಿಸಿತು. ನೋಡಲು ಬಲು ಚೆಂದ. ಆದರೆ ಆ ಕಂಬಕ್ಕೆ ಅಲ್ಟ್ರಾ ಜಾತಿಯ ಯಂತ್ರ ಮಾತ್ರ, ಬೇರೆ ಯಾವುದೂ ಇಳಿಯದು.

ಮೈಕ್ರೋ ಥರದ ಪೆಟ್ಟಿಗೆಯನ್ನು ಕಂಬದ ಬೆನ್ನಿಗೆ ಕೂರಿಸುವ ಕೆಲಸ ಹೀಗಿದೆ ನೋಡಿ. ಮಂಚದ ಮೇಲೆ ಮಡಿಚಿದ ಬೆಡ್‌ಶೀಟ್ ಹಾಸಿ, ಪರದೆಯನ್ನು ಬೋರಲು ಮಲಗಿಸಬೇಕು. ಬೆನ್ನ ಮೇಲ್ಭಾಗದಲ್ಲಿ ಎರಡು ಸೀಳುಗಳಿರುತ್ತವೆ. ಕಂಬದ ತುದಿಯ ಎರಡು ನಾಲಗೆಗಳನ್ನು ಓರೆಯಾಗಿ ಆ ಸೀಳಿಗೆ ತೂರಿಸಿ, ಕೆಳಭಾಗವನ್ನು ಅಂಗೈಯಿಂದ ಒತ್ತಿದರೆ ‘ಟಕ್’ ಎನ್ನುತ್ತದೆ. ಕಂಬದ ಬುಡದ ಬೋಲ್ಟಿಗೆ ಮಡಚುವ ಬಳೆಯೊಂದಿದ್ದು, ಅದನ್ನು ಎತ್ತಿ ಬೆರಳಲ್ಲೇ ತಿರುಗಿಸಿ, ಬಿಗಿಯಾದ ಮೇಲೆ ಮತ್ತೆ ಮಲಗಿಸಬೇಕು. ಬಳೆ ನಿಂತೇ ಇದ್ದರೆ ಮಾನಿಟರ್ ಮೇಜಿನ ಮೇಲೆ ಕುಂಟುತ್ತದೆ. ಆಮೇಲೆ ಕಂಬದ ಬೆನ್ನಿನ ಮುಚ್ಚಳ ತೆಗೆದು, ಪೆಟ್ಟಿಗೆಯನ್ನು ಗೂಡಿಗೆ ಇಳಿಸಿ, ತಂತಿ ಸಿಕ್ಕಿಸಿ, ಮುಚ್ಚಳ ಹಾಕುವುದು. ಕೈಗೆ ಸಿಗುವ ಕೊಂಡಿ ಯಾವುದು ಎಂದು ತಡಕಾಡಬೇಕಾಗಿಲ್ಲ. ಯಂತ್ರದೊಳಗೆ ಬಳಕೆದಾರ ಮುಟ್ಟಬಹುದಾದ ಜಾಗಗಳಿಗೆ ಡೆಲ್ ನೀಲಿ ಬಣ್ಣ ಬಳಿದರೆ, ಎಚ್‌ಪಿ ಹಸಿರು ಬಳಿಯುತ್ತದೆ.

ಆ ‘ಟಕ್’ ಸದ್ದಿಗೆ ಮರುಳಾಗಬೇಡಿ. ಸದ್ದು ಹೇಳುವುದು ಚಿಲಕ ಬಿತ್ತು ಎಂದಷ್ಟೇ. ಭಾರ ಹೊತ್ತವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಒಳ್ಳೆಯ ಜೋಡಣೆಯಲ್ಲಿ ಲೋಹದ ಕೊಕ್ಕೆಯೋ ಅಂಚೋ ಭಾರ ಹೊರುತ್ತದೆ, ಚಿಲಕ ಬರೀ ಕಾವಲು. ಕೆಟ್ಟ ಜೋಡಣೆಯಲ್ಲಿ ಎರಡು ಪ್ಲಾಸ್ಟಿಕ್ ಕ್ಲಿಪ್ಪುಗಳೇ ಭಾರ ಹೊತ್ತು, ಬಿಸಿಲಿಗೂ ಯಂತ್ರದ ಕಾವಿಗೂ ದಿನದಿನಕ್ಕೆ ಸೋಲುತ್ತವೆ. ಪರೀಕ್ಷೆ ಸುಲಭ. ಪೆಟ್ಟಿಗೆಯ ಕೆಳಗೆ ಒಂದು ಕೈ ಹಿಡಿದು, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ. ಚಿಲಕ ಬಿಟ್ಟರೂ ಪೆಟ್ಟಿಗೆ ಅಲ್ಲೇ ನಿಂತಿದ್ದು, ಮೇಲಕ್ಕೆ ಎತ್ತಿದರೆ ಮಾತ್ರ ಬಂದರೆ ಅದು ಸಾಚಾ. ಗುಂಡಿ ಒತ್ತಿದ ಕೂಡಲೇ ಕೈಗೆ ಬಿದ್ದರೆ ಅಂಗಡಿಯವನಿಗೆ ವಾಪಸ್ ಕೊಡಿ. ಗಣಿಯೊಳಗಿನ ಶಿಲಾಸ್ಫೋಟಕ್ಕೆ ಮನೆಯ ಪಾತ್ರೆ ಅಲುಗಾಡಿದ್ದನ್ನು ಕಂಡವರ ಊರಿದು. ಇಲ್ಲಿ ಗುರುತ್ವಾಕರ್ಷಣೆ ನಮ್ಮ ಪರವಾಗಿರಬೇಕು, ವಿರುದ್ಧವಾಗಿ ಅಲ್ಲ. ಬಿಇಎಂಎಲ್‌ನಿಂದ ನಿವೃತ್ತರಾದ ಯಾವ ಫಿಟ್ಟರಿಗೆ ತೋರಿಸಿದರೂ ಈ ಲೆಕ್ಕ ಅರೆಗಳಿಗೆಯಲ್ಲಿ ಅರ್ಥವಾಗುತ್ತದೆ. ಅವರ ಅನುಮಾನಕ್ಕೆ ಉತ್ತರವೂ ಇದೇ.

ಟೂಲ್ಸ್ ಬೇಡ ಎಂಬ ಹೆಸರಲ್ಲಿ ಬರುವ ಅಡ್ಡದಾರಿಗಳೂ ಇವೆ. ಡಬಲ್ ಟೇಪ್ ಅಂಟಿಸುವುದು ಅದರಲ್ಲಿ ಮೊದಲನೆಯದು. ಏಪ್ರಿಲ್ ಸೆಕೆಗೆ ಅಂಟು ಕರಗಿದರೆ ಟೇಪು ಕಂಬದಲ್ಲಿ, ಕಂಪ್ಯೂಟರ್ ನೆಲದಲ್ಲಿ. ತ್ರೀಡಿ ಪ್ರಿಂಟ್ ಮಾಡಿದ ತೊಟ್ಟಿಲುಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಪಿಎಲ್‌ಎ ಪ್ಲಾಸ್ಟಿಕ್ಕಿನವು ಅರವತ್ತು ಡಿಗ್ರಿ ಹತ್ತಿರ ಮೆದುವಾಗುವುದರಿಂದ ಬಿಸಿಗಾಳಿ ಹೊಡೆಯುವ ಕಡೆ ಬೇಡ. ಇವೆರಡಕ್ಕಿಂತ ನಾಲ್ಕು ಎಂ4 ಸ್ಕ್ರೂ ಸಾವಿರ ಪಾಲು ಮೇಲು. ಕೈಯಲ್ಲೇ ಕೂರುವುದು ಗುಣವಾಗಬೇಕು, ಹಟವಾಗಬಾರದು.

ಸುಲಭವಾಗಿ ಕೂರುವುದು ಸುಲಭವಾಗಿ ಹೋಗಿಯೂ ಬಿಡುತ್ತದೆ. ಮನೆಯಲ್ಲಿ ಇದೊಂದು ಸಂಗತಿಯಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿ ಕೌಂಟರಿನಲ್ಲಿ ಸಂಗತಿಯೇ. ಮೂರೂ ಕಂಪನಿಗಳ ಪೆಟ್ಟಿಗೆಯ ಹಿಂಬದಿಯಲ್ಲಿ ಕೆನ್ಸಿಂಗ್ಟನ್ ಬೀಗಕ್ಕೆಂದು ಸಣ್ಣ ಸೀಳು ಇರುತ್ತದೆ. ಉಕ್ಕಿನ ತಂತಿಯ ಬೀಗವೊಂದನ್ನು ಹಾಕಿ ಕಂಬಕ್ಕೆ ಸುತ್ತಿಬಿಡಿ. ಹಾಗೆಯೇ ಪೆಟ್ಟಿಗೆಯ ಗಾಳಿ ಆಡುವ ಜಾಲರಿಗೆ ಪರದೆಯ ಬೆನ್ನಾಗಲಿ ಗೋಡೆಯಾಗಲಿ ಒತ್ತಿಕೊಳ್ಳದಂತೆ ನೋಡಿಕೊಳ್ಳಿ.

ಅಡಾಪ್ಟರಿನ ಗತಿ ಏನು ಎಂಬುದು ಎಲ್ಲರೂ ಮರೆಯುವ ವಿಷಯ. ಯಂತ್ರವೇನೋ ಕಂಬವೇರಿ ಕೂತಿತು, ಇಟ್ಟಿಗೆಯಂಥ ಅಡಾಪ್ಟರ್ ಮೇಜಿನ ಹಿಂದೆ ತೂಗಾಡಿದರೆ ಮಾಡಿದ ಕೆಲಸವೆಲ್ಲ ಹಾಳು. ಪಿನ್ನಿನ ಮೇಲೆ ಅದರ ಭಾರ ಬಿದ್ದು ಸಡಿಲವಾಗುವುದೂ ಉಂಟು. ಮೇಜಿನ ಅಡಿಗೆ ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟಿಬಿಡಿ. ಮಾನಿಟರಿಗೆ ಹೋಗುವ ಡಿಸ್‌ಪ್ಲೇ ಪೋರ್ಟ್ ಕೇಬಲ್ ಅರ್ಧ ಮೀಟರಿನದು ಸಾಕು. ಪರದೆಯನ್ನು ಪೂರ್ತಿ ಮೇಲೆತ್ತಿದಾಗಲೂ ಎಳೆತ ಬೀಳದಷ್ಟು ಸಡಿಲ ಬಿಟ್ಟು ಕಟ್ಟಬೇಕು. ಇಷ್ಟಾದರೆ ಮೇಜಿನ ಮೇಲೆ ಪರದೆ, ಕೀಬೋರ್ಡ್, ಮೌಸ್ ಬಿಟ್ಟು ಬೇರೇನೂ ಕಾಣದು. ಬಂಗಾರಪೇಟೆಯ ಪಾನಿಪುರಿ ನೀರಿನ ಹಾಗೆ: ನೋಡಲು ಬರೀ ತಿಳಿನೀರು, ಮಸಾಲೆಯೆಲ್ಲ ಒಳಗೇ. ಅಂಗಡಿಗೆ ಬಂದವರು ಪರದೆಯ ಆಚೆ ಇಣುಕಿ ‘ಸಿಪಿಯು ಎಲ್ಲಣ್ಣ?’ ಎಂದು ಕೇಳಿದರೆ ಜೋಡಣೆ ಪಾಸಾಯಿತು ಎಂದೇ ಲೆಕ್ಕ.

ಹೊಸದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಬೆಂಗಳೂರಿನ ಆಫೀಸುಗಳು ಅವಧಿ ಮುಗಿದ ಈ ಮಿನಿಗಳನ್ನು ರಾಶಿಗಟ್ಟಲೆ ಹೊರಹಾಕುತ್ತವೆ. ಅವು ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗುತ್ತವೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಕೆಲಸಕ್ಕೆ ಹೋಗಿ ಸಂಜೆ ಮರಳುವ ನಮ್ಮ ಜನರಿಗೆ ಇದಕ್ಕಿಂತ ಅನುಕೂಲ ಬೇಕೆ? ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಕ್ಯಾಬಿನೆಟ್ ಹೊತ್ತು ತರಲಾಗದು, ಊಟದ ಡಬ್ಬಿಯ ಪಕ್ಕದಲ್ಲಿ ಮಿನಿ ಬಂದುಬಿಡುತ್ತದೆ. ಕೊಳ್ಳುವಾಗ ಇಂಟೆಲ್ಲಿನ ಎಂಟನೇ ತಲೆಮಾರು ಅಥವಾ ಆಮೇಲಿನದನ್ನೇ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟನೇ ತಲೆಮಾರಿಗೂ ಹಳೆಯ ಇಂಟೆಲ್ ಯಂತ್ರಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ಲಿನಕ್ಸ್ ಹಾಕುವವರಾದರೆ ಆರು, ಏಳನೇ ತಲೆಮಾರಿನವೂ ನಡೆಯುತ್ತವೆ, ಇನ್ನೂ ಅಗ್ಗ.

ಕೊನೆಗೊಂದು ಎಚ್ಚರಿಕೆ. ಈ ಕೈಜೋಡಣೆಗಳು ಜಾತಿ ಬಿಟ್ಟು ಸಂಬಂಧ ಬೆಳೆಸುವುದಿಲ್ಲ. ಡೆಲ್ ಸ್ಟ್ಯಾಂಡಿಗೆ ಎಚ್‌ಪಿ ಪೆಟ್ಟಿಗೆ ಕೂರದು, ಒಂದೇ ಕಂಪನಿಯಲ್ಲೂ ಹಳೆಯ ಸ್ಟ್ಯಾಂಡಿಗೆ ಹೊಸ ಪೆಟ್ಟಿಗೆ ಹೊಂದುತ್ತದೆಂಬ ಖಾತರಿಯಿಲ್ಲ. ಅಂಗಡಿಯಲ್ಲೇ ಎರಡನ್ನೂ ಕೂಡಿಸಿ, ಗುಂಡಿ ಒತ್ತಿ, ಭಾರ ಯಾರ ಹೆಗಲ ಮೇಲಿದೆ ಎಂದು ನೋಡಿ. ಪರದೆಯ ಹೊಳಪನ್ನು ಆಮೇಲೆ ನೋಡಿದರಾಯಿತು, ಮೊದಲು ಸ್ಟ್ಯಾಂಡಿನ ಬೆನ್ನು ನೋಡಿ ದುಡ್ಡು ಕೊಡಿ.